ಏಳನೆಯ ಹೆಸರು

ಕೆಲಸಕ್ಕೆ ಸೇರಿದ ದಿನದಿಂದ ನಿವೃತ್ತಿಯ ದಿನದವರೆಗೆ ನಾನು ಬಾಯಿ ನೋಯುವಷ್ಟು ಕೇಳಿದ ಪ್ರಶ್ನೆ ಒಂದೇ: "ಎಷ್ಟು ಜನ ಬರ್ತೀರಿ?" ಆ ಪ್ರಶ್ನೆಗೆ ಸಿಕ್ಕಷ್ಟು ಸುಳ್ಳು ಉತ್ತರ ಯಾವ ಕೋರ್ಟಿನಲ್ಲೂ ಸಿಕ್ಕಿರಲಾರದು. ಸುಳ್ಳು ಹೇಳಿದವರೇನು ಪುಂಡರಲ್ಲ. ಜಯನಗರ, ಬನಶಂಕರಿ, ಜೆ.ಪಿ. ನಗರದ ಮರ್ಯಾದಸ್ಥರು. ಮೇಷ್ಟರು, ಡಾಕ್ಟರು, ಬ್ಯಾಂಕಿನವರು. ದೇವರ ಮುಂದೆ ದೀಪ ಹಚ್ಚಿ, ಹಣೆಗೆ ಕುಂಕುಮ ಇಟ್ಟುಕೊಂಡು ಬಂದು, ನನ್ನ ಮೇಜಿನ ಮುಂದೆ ಕೂತು, "ನಾವು ಆರೇ ಜನ ಮೇಡಂ" ಅನ್ನುತ್ತಿದ್ದರು. ಹೋಗುವಾಗ ಹನ್ನೊಂದು ಜನ ಹೋಗುತ್ತಿದ್ದರು.

ನನ್ನ ಹೆಸರು ವಿಜಯ. ಜಯನಗರದ ಒಂದು ಹಾಲಿಡೇ ಕ್ಲಬ್ಬಿನ ಬುಕಿಂಗ್ ವಿಭಾಗದಲ್ಲಿದ್ದೆ. ಟೈಮ್‌ಶೇರ್ ಅಂದರೆ ಈಗಿನವರಿಗೆ ಬಿಡಿಸಿ ಹೇಳಬೇಕಿಲ್ಲ, ಆದರೂ ಹೇಳುತ್ತೇನೆ. ಬೆಟ್ಟದ ಮೇಲೋ ಕೆರೆಯ ದಡದಲ್ಲೋ ಒಂದು ರೆಸಾರ್ಟು. ಅದರಲ್ಲಿ ಒಂದು ರೂಮು, ಒಂದು ಹಾಲು, ಒಂದು ಪುಟ್ಟ ಅಡುಗೆಮನೆ ಇರುವ ಒಂದು ಮನೆ. ವರ್ಷದಲ್ಲಿ ಒಂದು ವಾರ ಅದು ನಿಮ್ಮದು, ಮಿಕ್ಕ ವಾರಗಳಲ್ಲಿ ಬೇರೆಬೇರೆ ಮೆಂಬರುಗಳದು. ದೊಡ್ಡವರು ನಾಲ್ಕು, ಮಕ್ಕಳು ಎರಡು, ಒಟ್ಟು ಆರು ಜನ ಇರಬಹುದು. ಕಾಗದದಲ್ಲಿ ಇಷ್ಟೇ. ಈ ಕೆಲಸಕ್ಕೆ ಹೊಸದಾಗಿ ಬರುವ ಹುಡುಗ ಹುಡುಗಿಯರಿಗೆ ಟ್ರೈನಿಂಗಿನಲ್ಲಿ ಹೇಳುವುದೂ ಇಷ್ಟೇ. ನಾನು ಬರೆಯಲು ಕೂತಿರುವುದು ಅವರು ಹೇಳದೆ ಬಿಟ್ಟದ್ದನ್ನು.

ಮೊದಲು ಒಂದು ಮಾತು. ಒಂದು ಮನೆಯಲ್ಲಿ ಎಷ್ಟು ಜನ ಇರಬಹುದು ಅನ್ನುವುದನ್ನು ಹಾಸಿಗೆ ಎಣಿಸಿ ಹೇಳಬೇಡಿ. ನಮ್ಮ ಜನಕ್ಕೆ ಹಾಸಿಗೆ ಒಂದು ವಿಷಯವೇ ಅಲ್ಲ. ಜಮಖಾನ ಹಾಸಿದರೆ ಹಾಲಿನಲ್ಲಿ ಹತ್ತು ಜನ ಮಲಗುತ್ತಾರೆ, ನಗುತ್ತಲೇ ಮಲಗುತ್ತಾರೆ. ಜಗಳ ಶುರುವಾಗುವುದು ಬೆಳಿಗ್ಗೆ, ಬಚ್ಚಲ ಬಾಗಿಲಲ್ಲಿ. ಜೆ.ಪಿ. ನಗರದ ಒಬ್ಬ ಯಜಮಾನರು ಒಂದು ಟೆಂಪೋ ಟ್ರಾವೆಲರ್ ತುಂಬ ಹದಿಮೂರು ಜನರನ್ನು ಕರೆದುಕೊಂಡು ಹೋಗಿದ್ದರು. ಮೂರನೆಯ ದಿನ ಫೋನ್ ಮಾಡಿದರು. "ಮೇಡಂ, ಗೀಸರ್ ಸರಿಯಿಲ್ಲ, ನಾಲ್ಕನೇ ಬಕೆಟ್‌ಗೇ ತಣ್ಣೀರು ಬರ್ತಿದೆ!" ನಾನು ಮುಗ್ಧಳಂತೆ ಕೇಳಿದೆ. "ಆರು ಜನಕ್ಕೆ ಎಷ್ಟು ಬಕೆಟ್ ಬೇಕಾಗತ್ತೆ ಸಾರ್?" ಆ ಕಡೆ ಗಂಟಲು ಸರಿಮಾಡಿಕೊಂಡ ಸದ್ದು. ಆಮೇಲೆ, "ಇರ್ಲಿ ಬಿಡಿ, ಅಡ್ಜಸ್ಟ್ ಮಾಡ್ಕೋತೀವಿ" ಅಂದರು.

ರೆಸಾರ್ಟಿನವರು ಜನರನ್ನು ಎಣಿಸುತ್ತಿರಲಿಲ್ಲ, ಬಾಗಿಲ ಮುಂದಿನ ಚಪ್ಪಲಿಗಳನ್ನು ಎಣಿಸುತ್ತಿದ್ದರು. ಅದು ಗೊತ್ತಾದ ಮೇಲೆ ನಮ್ಮವರು ಚಪ್ಪಲಿಗಳನ್ನು ಚೀಲದಲ್ಲಿ ಹಾಕಿ ಒಳಗಿಡತೊಡಗಿದರು. ಹಾಸಿಗೆ ಬದಲಿಸಲು ಹುಡುಗ ಬಂದಾಗ ಒಂದು ಮನೆಯಲ್ಲಿ ಅಜ್ಜಿಯನ್ನು ಬಚ್ಚಲಿಗೆ ಕಳಿಸಿ ಚಿಲಕ ಹಾಕಿದ್ದರಂತೆ. ಅಜ್ಜಿಗೆ ಕಿವಿ ಮಂದ. ಹುಡುಗ ಹೋದದ್ದು ಗೊತ್ತಾಗದೆ ಮುಕ್ಕಾಲು ಗಂಟೆ ಒಳಗೇ ಕೂತು ವಿಷ್ಣು ಸಹಸ್ರನಾಮ ಮುಗಿಸಿದರು. ಆ ಅಜ್ಜಿಯ ಮಗನೇ ನನಗೆ ಇದನ್ನು ಹೇಳಿಕೊಂಡು ಬಿದ್ದು ಬಿದ್ದು ನಕ್ಕ. ನಾನೂ ನಕ್ಕೆ. ಈಗ ನೆನೆಸಿಕೊಂಡರೆ ಅಷ್ಟು ನಗು ಬರುವುದಿಲ್ಲ.

ನನಗೆ ಕೆಲಸ ಕಲಿಸಿದವರು ಮೂರ್ತಿ ಸರ್. ನಮ್ಮ ಮೊದಲ ಮ್ಯಾನೇಜರು. ಸದಾ ಬಾಯಲ್ಲೊಂದು ಲವಂಗ, ಜೇಬಿನಲ್ಲೊಂದು ಕೆಂಪು ಪೆನ್ನು. ಆಗ ಕಂಪ್ಯೂಟರ್ ಇರಲಿಲ್ಲ. ಮೆಂಬರುಗಳು ಆಫೀಸಿಗೇ ಬಂದು, ಉದ್ದನೆಯ ಅರ್ಜಿಯಲ್ಲಿ ಬರುವವರೆಲ್ಲರ ಹೆಸರು, ವಯಸ್ಸು, ಮೆಂಬರಿಗೆ ಏನಾಗಬೇಕು ಅನ್ನುವ ಸಂಬಂಧ, ಇಷ್ಟನ್ನು ಬರೆದುಕೊಡಬೇಕಿತ್ತು. ನಾನು ಸೇರಿದ ವಾರವೇ ಮೂರ್ತಿ ಸರ್ ಹೇಳಿದರು.

"ನೋಡಮ್ಮ ವಿಜಯ, ಎಷ್ಟು ಜನ ಅಂತ ಕೇಳ್ಬೇಡ. ಯಾರ್ ಯಾರು ಅಂತ ಕೇಳು. ನಂಬರ್ ಕೇಳಿದ್ರೆ ಸುಳ್ಳು ಹೇಳ್ತಾರೆ. ಹೆಸರು ಕೇಳಿದ್ರೆ ಹೇಳಕ್ಕಾಗಲ್ಲ. ಪಕ್ಕದಲ್ಲಿ ಅತ್ತೆ ಕೂತಿರುವಾಗ ಯಾವ ಸೊಸೆ ಅತ್ತೆ ಹೆಸರು ಬಿಟ್ಟು ಪಟ್ಟಿ ಬರೀತಾಳೆ? ಲಗ್ನಪತ್ರಿಕೇಲಿ ಹೆಸರು ಬಿಟ್ಟುಹೋದ್ರೆ ನಮ್ಮೋರು ಮೂರು ತಲೆಮಾರು ಮಾತು ಬಿಡ್ತಾರೆ. ಇದೂ ಹಾಗೇನೇ."

ಅಪ್ಪಟ ಸತ್ಯ. ಯಾರ್ ಯಾರು ಎಂದು ಕೇಳಿದ ಕೂಡಲೇ ಆರು ಎಂಟಾಗುತ್ತಿತ್ತು, ಎಂಟು ಹತ್ತಾಗುತ್ತಿತ್ತು. ಅಮ್ಮ, ಚಿಕ್ಕಮ್ಮ, ತಂಗಿಯ ಮಗು ಎಲ್ಲರೂ ಒಬ್ಬೊಬ್ಬರಾಗಿ ಹೊರಗೆ ಬರುತ್ತಿದ್ದರು. ಆಮೇಲೆ ನಾವು ಕೂತು, ದೊಡ್ಡ ಮನೆ ಕೊಡಲೋ, ಪಕ್ಕದ ಸಣ್ಣ ರೂಮು ಸೇರಿಸಲೋ ಎಂದು ದಾರಿ ಹುಡುಕುತ್ತಿದ್ದೆವು. ದಾರಿ ಸಿಗದಿದ್ದಾಗ ನಾನೊಂದು ಉಪಾಯ ಕಂಡುಕೊಂಡೆ. ಬಹಳ ಬುದ್ಧಿವಂತಿಕೆಯ ಉಪಾಯ ಅಂತ ನನಗೆ ನಾನೇ ಬೆನ್ನು ತಟ್ಟಿಕೊಂಡಿದ್ದೆ.

ನಿಯಮಾವಳಿಯಲ್ಲಿ ಒಂದು ಸಾಲಿತ್ತು: ಆರು ಜನರ ಜೊತೆಗೆ ಅಡುಗೆಗೆಂದು ಒಬ್ಬ ಸಹಾಯಕರನ್ನು ಕರೆದೊಯ್ಯಬಹುದು, ಅವರನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹೊರಗಿನ ಊಟ ಮುಟ್ಟದ ಮಡಿವಂತರು ಆಗ ಬಹಳ ಇದ್ದರು, ಅವರಿಗಾಗಿ ಮಾಡಿದ್ದು. ಏಳನೆಯವರು ಯಾರಾದರೂ ವಯಸ್ಸಾದ ಹೆಂಗಸಾಗಿದ್ದರೆ ನಾನು ಮೆಲ್ಲಗೆ ಹೇಳಿಕೊಡುತ್ತಿದ್ದೆ. "ಸಂಬಂಧದ ಕಡೆ 'ಅಡುಗೆಯವರು' ಅಂತ ಬರೀರಿ ಮೇಡಂ. ಬರೀ ಕಾಗದದಲ್ಲಿ ತಾನೆ? ಯಾರು ನೋಡ್ತಾರೆ?" ಕೆಲವರು ಮುಖ ಸಣ್ಣ ಮಾಡಿಕೊಂಡರೂ ಬರೆಯುತ್ತಿದ್ದರು. ಮೂರ್ತಿ ಸರ್ ಒಂದು ದಿನ ಅರ್ಜಿಗಳಿಗೆ ಸಹಿ ಹಾಕುತ್ತಾ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ಏನಮ್ಮ, ಬನಶಂಕರಿ ಅಡುಗೆಯವ್ರೆಲ್ಲಾ ಎಪ್ಪತ್ತು ದಾಟಿದೋರೇ ಇದ್ದಾರಲ್ಲ!" ಅಂದರು. ನಾನು ಹಲ್ಲುಕಿರಿದೆ. ಅವರು ಸಹಿ ಹಾಕಿದರು, ಆದರೆ ನಗಲಿಲ್ಲ.

ಮೂರ್ತಿ ಸರ್ ನಿವೃತ್ತರಾದರು, ಕಂಪ್ಯೂಟರ್ ಬಂತು. ಕಂಪ್ಯೂಟರಿನಲ್ಲಿ ಹೆಸರಿಗೆ ಜಾಗ ಇರಲಿಲ್ಲ, ಒಂದು ಸಣ್ಣ ಚೌಕ ಇತ್ತು. ಅದರೊಳಗೆ ಅಂಕಿ ಒತ್ತಬೇಕು. ಆರಕ್ಕಿಂತ ಹೆಚ್ಚು ಒತ್ತಿದರೆ ಪರದೆ ಕೆಂಪಗಾಗುತ್ತಿತ್ತು. ಹೆಸರು ಬರೆಯುವ ಅರ್ಜಿ ಸಹಿಗೆಂದು ಮಾತ್ರ ಉಳಿಯಿತು. ಹೊಸ ಮ್ಯಾನೇಜರು ಬಂದರು, ಚಿಕ್ಕ ವಯಸ್ಸು, ಕೆಲಸದಲ್ಲಿ ಚುರುಕು. ಮೊದಲ ಮೀಟಿಂಗಿನಲ್ಲೇ ಅಂದರು. "ಆರು ಅಂದ್ರೆ ಆರು. ಅಡುಗೆಯವ್ರು ಏನು, ಅವ್ರು ಮನುಷ್ಯರಲ್ವಾ? ಅವ್ರನ್ನೂ ಕೌಂಟ್ ಮಾಡಿ. ಆಗ್ಲೇ ಬುಕ್ ಆಗಿರೋರಿಗೆಲ್ಲ ಫೋನ್ ಮಾಡಿ ಏಳನೇ ಹೆಸರು ತೆಗೀರಿ." ಹೇಳಿದ್ದು ನ್ಯಾಯವೇ. ನನಗೆ ಸಿಟ್ಟು ಬಂದದ್ದು ಆ ನ್ಯಾಯಕ್ಕಲ್ಲ, ಒಂದೇ ದಿನದಲ್ಲಿ ಅರವತ್ತು ಮನೆಗೆ ಫೋನ್ ಮಾಡಿ ಅಂದದ್ದಕ್ಕೆ.

ಆ ಅರವತ್ತರಲ್ಲಿ ಒಂದು ಮನೆ ಸರೋಜಾ ಅವರದು. ಬನಶಂಕರಿಯ ಹೈಸ್ಕೂಲೊಂದರಲ್ಲಿ ವಿಜ್ಞಾನದ ಟೀಚರ್. ಪ್ರತಿ ಬೇಸಿಗೆ ರಜೆಯಲ್ಲಿ ಅವರು, ಗಂಡ ನಾಗರಾಜ್, ಇಬ್ಬರು ಮಕ್ಕಳು, ಉತ್ತರಹಳ್ಳಿಯಲ್ಲಿದ್ದ ತಮ್ಮ ಪ್ರಸಾದ್, ಅವನ ಹೆಂಡತಿ ವೀಣಾ, ಹೀಗೆ ಆರು ಜನ ಹೋಗುತ್ತಿದ್ದರು. ಏಳನೆಯವರು ಸೀತಮ್ಮ. ಸರೋಜಾ ಅವರ ತಂದೆಯ ಅಕ್ಕ. ಚಿಕ್ಕಂದಿನಲ್ಲೇ ಗಂಡನನ್ನು ಕಳೆದುಕೊಂಡು ತಮ್ಮನ ಮನೆಗೆ ಬಂದವರು. ತಮ್ಮನ ಹೆಂಡತಿ ತೀರಿಕೊಂಡ ಮೇಲೆ ಸರೋಜಾ, ಪ್ರಸಾದ್ ಇಬ್ಬರನ್ನೂ ಸಾಕಿ, ಓದಿಸಿ, ಮದುವೆ ಮಾಡಿ, ಈಗ ಸರೋಜಾ ಜೊತೆಗೇ ಇದ್ದರು. ಇದೆಲ್ಲ ನನಗೆ ಆಗ ಗೊತ್ತಿರಲಿಲ್ಲ. ನನಗೆ ಗೊತ್ತಿದ್ದದ್ದು ಅರ್ಜಿಯ ಏಳನೆಯ ಸಾಲು ಮಾತ್ರ: ಸೀತಮ್ಮ, ಅಡುಗೆಯವರು.

ಲ್ಯಾಂಡ್‌ಲೈನಿಗೆ ಫೋನ್ ಮಾಡಿದೆ. ಹೆಂಗಸಿನ ದನಿ "ಹಲೋ" ಅಂತು. "ಸರೋಜಾ ಮೇಡಂ, ಕ್ಲಬ್ಬಿಂದ ಮಾತಾಡ್ತಿರೋದು" ಎಂದು ಶುರುಮಾಡಿದವಳು ಆ ಕಡೆಯ ಉತ್ತರಕ್ಕೂ ಕಾಯಲಿಲ್ಲ. ಅದು ನನ್ನ ನಲವತ್ತನೆಯ ಫೋನೋ ಏನೋ. "ರೂಲ್ಸ್ ಬದಲಾಗಿದೆ ಮೇಡಂ. ಇನ್ಮೇಲೆ ಆರೇ ಜನ. ನಿಮ್ಮ ಪಟ್ಟೀಲಿ ಒಬ್ರು ಜಾಸ್ತಿ ಇದ್ದಾರೆ. ಅದೇ, ನಿಮ್ಮ ಅಡುಗೆಯವ್ರು ಸೀತಮ್ಮ ಅಂತ ಬರೆಸಿದ್ದೀರಲ್ಲ, ಆ ಹೆಸರು ತೆಗೀತಾ ಇದ್ದೀನಿ. ಆಗ್ಬಹುದಾ?"

ಹಿಂದೆ ಎಲ್ಲೋ ಕುಕ್ಕರ್ ಕೂಗಿತು. ಆಮೇಲೆ ಆ ದನಿ, "ಆಗ್ಲಮ್ಮ, ತೆಗೀರಿ" ಅಂತು. ಫೋನ್ ಇಟ್ಟ ಸದ್ದು. ನಾನು ಪಟ್ಟಿಯಲ್ಲಿ ಗೆರೆ ಎಳೆದು ನಲವತ್ತೊಂದನೆಯ ಮನೆಗೆ ಫೋನ್ ಹಚ್ಚಿದೆ.

ಜೂನ್ ತಿಂಗಳಲ್ಲಿ ಸರೋಜಾ ಆಫೀಸಿಗೆ ಬಂದರು. ಟ್ರಿಪ್ ಹೇಗಿತ್ತು ಎಂಬ ಕಾರ್ಡು ಕೊಡಲು. ಕಾರ್ಡಿನಲ್ಲಿ ಏನೂ ಬರೆದಿರಲಿಲ್ಲ. ನಾನು ಲೋಕಾಭಿರಾಮವಾಗಿ, "ಚೆನ್ನಾಗಿತ್ತಾ ಮೇಡಂ?" ಅಂದೆ.

"ಏನ್ ಚೆನ್ನಾಗಿತ್ತು ಬಿಡಿ. ನಮ್ಮ ಸೋದರತ್ತೆ ಬರ್ಲೇ ಇಲ್ಲ. ಹೊರಡೋಕೆ ವಾರ ಇರುವಾಗ ಮಂಡಿ ನೋವು ಅಂತ ಕೂತ್ಬಿಟ್ರು. ದಿನಾ ದೇವಸ್ಥಾನಕ್ಕೆ ನಡ್ಕೊಂಡೇ ಹೋಗ್ತಾರೆ, ಆಗಿಲ್ಲದ ಮಂಡಿ ನೋವು! ಬಂದ ಮೇಲೆ ನೋಡಿದ್ರೆ ಅಡುಗೆಮನೆಗೇ ಕಾಲಿಡ್ತಿಲ್ಲ. ಯಾಕೆ ಅಂದ್ರೆ, 'ಅಡುಗೆಯವ್ರನ್ನ ಇಟ್ಕೋ' ಅಂತಾರೆ. ಈಗ ಮೈಸೂರಲ್ಲಿರೋ ಯಾರೋ ದೂರದ ನೆಂಟ್ರ ಮನೆಗೆ ಹೋಗಿ ಇದ್ಬಿಡ್ತಾರಂತೆ. ಪೆಟ್ಟಿಗೆ ಬೇರೆ ಕಟ್ಟಿದ್ದಾರೆ. ನಾನೇನು ತಪ್ಪು ಮಾಡಿದೆ ಅಂತ ಕೇಳಿದ್ರೆ ಬಾಯೇ ಬಿಡಲ್ಲ." ಹೇಳುತ್ತಾ ಹೇಳುತ್ತಾ ಅವರ ಕಣ್ಣು ತುಂಬಿತು. "ನಂಗೆ ಅಮ್ಮನ ಮುಖ ನೆನಪಿಲ್ಲ ಮೇಡಂ. ನೆನಪಿರೋದು ಇವ್ರೊಬ್ರೇ."

ಅವತ್ತು ಫೋನ್ ಎತ್ತಿದ್ದು ಯಾರು ಅಂತ ಆ ಕ್ಷಣಕ್ಕೆ ಹೊಳೆಯಿತು. ಹೇಳಿಬಿಡಬೇಕಿತ್ತು. ಹೇಳಲಿಲ್ಲ. ಪಕ್ಕದ ಮೇಜಿನಲ್ಲಿ ಹೊಸ ಮ್ಯಾನೇಜರು ಕೂತಿದ್ದರು, ನನಗೆ ಭಯವಾಯಿತು. "ಸರಿ ಹೋಗತ್ತೆ ಬಿಡಿ ಮೇಡಂ" ಅಂದೆ. ಇಷ್ಟು ವರ್ಷದ ಕೆಲಸದಲ್ಲಿ ನನಗೆ ಇವತ್ತಿಗೂ ನಾಚಿಕೆಯಾಗುವ ಮಾತು ಅದೊಂದೇ.

ಭಾನುವಾರ ಬೆಳಿಗ್ಗೆ ಅರ್ಜಿಯಲ್ಲಿದ್ದ ವಿಳಾಸ ಹಿಡಿದು ಬನಶಂಕರಿಗೆ ಬಸ್ಸು ಹತ್ತಿದೆ. ಸರೋಜಾ ತರಕಾರಿಗೆ ಹೋಗಿದ್ದರು. ಬಾಗಿಲು ತೆಗೆದವರು ತೆಳ್ಳಗೆ, ನೆಟ್ಟಗೆ ನಿಲ್ಲುವ ಹೆಂಗಸು. ಹತ್ತಿಯ ಸೀರೆ, ಕೈಯಲ್ಲಿ ಹೂಬತ್ತಿ. ನಾನು ಯಾರೆಂದು ಹೇಳಿದೆ. ದನಿಯಲ್ಲೇ ಗುರುತು ಹಿಡಿದರು.

"ನೀನೇನಾ? ಬಾ, ಕೂತ್ಕೋ" ಅಂದರು. ಕಾಫಿ ಕುಡೀತೀಯಾ ಎಂದು ಕೇಳಲಿಲ್ಲ. ಬನಶಂಕರಿಯ ಮನೆಯೊಂದಕ್ಕೆ ಹೋಗಿ ಕಾಫಿಯ ಮಾತಿಲ್ಲದೆ ಕೂತಿದ್ದು ಅದೇ ಮೊದಲು. ಗೋಡೆಯ ಪಕ್ಕ ಹಳೆಯ ಕಬ್ಬಿಣದ ಪೆಟ್ಟಿಗೆ, ಹಗ್ಗ ಕಟ್ಟಿ ತಯಾರಾಗಿತ್ತು.

ನಾನು ತಡವರಿಸುತ್ತಾ ಎಲ್ಲ ಹೇಳಿದೆ. ಹಾಗೆ ಬರೆಸುವ ಉಪಾಯ ನನ್ನದು, ಸರೋಜಾ ಮೇಡಂ ಅವರದಲ್ಲ, ಎಲ್ಲರಿಗೂ ನಾನೇ ಹೇಳಿಕೊಡುತ್ತಿದ್ದೆ ಎಂದೆ. ಸೀತಮ್ಮ ಬತ್ತಿ ಹೊಸೆಯುತ್ತಲೇ ಕೇಳಿಸಿಕೊಂಡರು.

"ಅಡುಗೆಯವ್ಳು ಅಂದ್ರೆ ನಂಗೇನು ಅವಮಾನ ಇಲ್ಲಮ್ಮ. ಅಡುಗೆ ಮಾಡೇ ಬದುಕಿದೋಳು ನಾನು. ನೀನು ಹೇಳ್ಕೊಟ್ಟೆ, ಸರಿ. ನೀನು ಹೊರಗಿನೋಳು, ನಿಂಗೇನು ಗೊತ್ತು? ಬರ್ದಿದ್ದು ಯಾರು? ಅವಳ ಕೈ ಹಿಡ್ದು ಅ ಆ ತಿದ್ದಿಸಿದೋಳು ನಾನು. ಆ ಕೈಯಲ್ಲಿ ಹಾಗೆ ಬರೀಬೇಕಾದ್ರೆ ಅವಳ ಮನಸ್ಸಲ್ಲಿ ಒಂದು ಗಳಿಗೆನಾದ್ರೂ ಹಾಗೆ ಇತ್ತು ತಾನೆ? ನಾನಂದ್ಕೊಂಡಿದ್ದೆ, ನಾನು ಮನೆಯೋಳು ಅಂತ. ಅಷ್ಟೇ."

ನಾನು ಎದ್ದು ಬರುವಾಗ, "ಸರೋಜಂಗೆ ಹೇಳ್ಬೇಡ. ಅವಳು ನೊಂದ್ಕೋತಾಳೆ" ಅಂದರು. ಅಷ್ಟು ನೋವಿನಲ್ಲೂ ಅವಳದೇ ಯೋಚನೆ.

ಬಸ್ಸಿನಲ್ಲಿ ಬರುತ್ತಾ ನೆನಪು ಕೆದಕಿದೆ. ಸರೋಜಾಗೆ ನಾನು ಯಾವತ್ತು ಹೇಳಿಕೊಟ್ಟೆ? ಅವರು ಎದುರು ಕೂತು ಮುಖ ಸಣ್ಣ ಮಾಡಿಕೊಂಡದ್ದು ನೆನಪಿಗೇ ಬರಲಿಲ್ಲ. ಪ್ರತಿ ವರ್ಷ ಹಿಂದಿನ ವರ್ಷದ ಪಟ್ಟಿಯನ್ನು ನಾನೇ ನಕಲು ಮಾಡಿ ಇಡುತ್ತಿದ್ದೆ. ಅವರು ಶಾಲೆಯಿಂದ ಓಡೋಡಿ ಬಂದು, ನಿಂತೇ ಸಹಿ ಹಾಕಿ ಹೋಗುತ್ತಿದ್ದರು. ಹಾಗಾದರೆ ಮೊದಲನೆಯ ವರ್ಷ?

ಸೋಮವಾರ ಅರ್ಧ ಗಂಟೆ ಮುಂಚೆ ಹೋಗಿ ಅಟ್ಟ ಹತ್ತಿದೆ. ಕಂಪ್ಯೂಟರ್ ಬಂದ ಮೇಲೆ ಹಳೆಯ ಅರ್ಜಿಗಳನ್ನೆಲ್ಲ ಗೋಣಿಚೀಲದಲ್ಲಿ ಕಟ್ಟಿ ಅಲ್ಲಿ ತುರುಕಿದ್ದೆವು. ಮೂರು ದಿನ ಹುಡುಕಿದೆ, ಸೀನಿ ಸೀನಿ ಮೂಗು ಕೆಂಪಾಯಿತು. ಮೂರನೆಯ ದಿನ ಸಿಕ್ಕಿತು. ಕಾಗದ ನೋಡಿದವಳು ಏಣಿಯ ಮೇಲೇ ಕೂತುಬಿಟ್ಟೆ.

ಏಳನೆಯ ಸಾಲಿನಲ್ಲಿ ಟೀಚರ್ ಕೈಬರಹ, ದುಂಡಗೆ, ನೀಲಿ ಶಾಯಿ. ಹೆಸರು: ಸೀತಮ್ಮ. ಸಂಬಂಧ: ಅಮ್ಮ. ಆ 'ಅಮ್ಮ'ನ ಮೇಲೆ ಕೆಂಪು ಪೆನ್ನಿನಲ್ಲಿ ಒಂದು ಗೆರೆ, ಪಕ್ಕದಲ್ಲಿ 'ಅಡುಗೆಯವರು'. ಮೂರ್ತಿ ಸರ್ ಕೆಂಪು ಪೆನ್ನು, ಆದರೆ ಕೈಬರಹ ನನ್ನದು. ಅರ್ಜಿ ವಾಪಸ್ ಬರುವುದು ಬೇಡ ಎಂದು ಅವರ ಜೇಬಿನಿಂದ ಪೆನ್ನು ಕೇಳಿ ತೆಗೆದುಕೊಂಡು ತಿದ್ದಿದ್ದೆ. ಮೆಂಬರಿಗೆ ಒಂದು ಮಾತು ಹೇಳಿರಲಿಲ್ಲ. ತಿದ್ದಿ ಮರೆತೂ ಬಿಟ್ಟಿದ್ದೆ.

ಆಫೀಸಿನ ಕಾಗದ ಹೊರಗೆ ಒಯ್ಯಬಾರದು. ಒಯ್ದೆ. ಹೋದರೆ ಕೆಲಸ ಹೋಗಲಿ ಅನ್ನಿಸಿತು.

ಸಂಜೆ ಮನೆಯಲ್ಲಿ ಇಬ್ಬರೂ ಇದ್ದರು. ಪೆಟ್ಟಿಗೆ ಈಗ ಬಾಗಿಲ ಹತ್ತಿರ ಬಂದಿತ್ತು, ಮರುದಿನ ಮೈಸೂರಿನ ಬಸ್ಸು. ಮಾತಾಡಿ ಕೆಡಿಸುವುದು ಬೇಡ ಎಂದು ನಾನು ಕಾಗದವನ್ನು ಸೀತಮ್ಮನವರ ಕೈಗೆ ಕೊಟ್ಟೆ. "ನೀಲಿ ಶಾಯಿ ಅವರದು, ಕೆಂಪು ನಂದು" ಎಂದಷ್ಟೇ ಅಂದೆ. ಅವರು ಕನ್ನಡಕ ಹಾಕಿಕೊಂಡು, ಕಿಟಕಿಯ ಬೆಳಕಿಗೆ ಹಿಡಿದು ಓದಿದರು. ಒಂದೇ ಪದ, ಆದರೂ ಬಹಳ ಹೊತ್ತು ಓದಿದರು.

"ಸರೋಜ, ಇದು ನೀನು ಬರ್ದಿದ್ದಾ?"

ಸರೋಜಾ ಬಗ್ಗಿ ನೋಡಿದರು. "ಹೂಂ, ನಂದೇ ಅಕ್ಷರ. ಯಾಕೆ?"

"ಅಮ್ಮ ಅಂತ ಬರ್ದಿದ್ಯಲ್ಲೇ."

"ಇನ್ನೇನು ಬರೀಲಿ? ಕರೆಯೋದು ಅತ್ತೆ ಅಂತ, ಅದು ಬಾಯಿ ರೂಢಿ. ಬರೀವಾಗ ನಿಜ ಬರೀಬೇಕಲ್ವಾ?" ಅಂದವರು ಕೆಂಪು ಗೆರೆಯನ್ನು ಆಗ ಗಮನಿಸಿದರು. ನಿಧಾನವಾಗಿ ಎಲ್ಲ ಅರ್ಥವಾಯಿತು. ನನ್ನ ಕಡೆ ತಿರುಗಿ ಬೈದರು ನೋಡಿ! ಹತ್ತನೇ ಕ್ಲಾಸಿನ ಪೋಲಿ ಹುಡುಗರಿಗೂ ಹಾಗೆ ಬೈದಿರಲಾರರು. "ನೀವು ಹೊಟ್ಟೆಗೆ ಏನ್ ತಿಂತೀರ್ರೀ? ನಮ್ಮ ಮನೆಯೋರು ಯಾರು ಅಂತ ತಿದ್ದೋಕೆ ನೀವ್ಯಾರು?" ನಾನು ತಲೆ ತಗ್ಗಿಸಿ ಅಷ್ಟನ್ನೂ ಕೇಳಿದೆ. ನನ್ನ ಪಾಲಿಗೆ ಬಂದದ್ದೇ ಅದು.

ಸೀತಮ್ಮ ಮಧ್ಯೆ ಬಂದರು. "ಸಾಕು ಬಿಡೇ. ಪಾಪ, ಧೂಳು ಹೊಡ್ಕೊಂಡು ಹುಡುಕಿ ತಂದಿದ್ದಾಳೆ. ಕಾಫಿ ಕುಡೀಲಿ" ಎಂದು ಎದ್ದು ಅಡುಗೆಮನೆಗೆ ಹೋದರು. ಡಬ್ಬ ತೆಗೆದ ಸದ್ದು, ಫಿಲ್ಟರಿನ ಮುಚ್ಚಳದ ಸದ್ದು. ಸರೋಜಾ ಅಲ್ಲೇ ಕುರ್ಚಿಯ ಮೇಲೆ ಕುಸಿದು, ಮುಖ ಮುಚ್ಚಿಕೊಂಡು ಅತ್ತರು. ನಾನೂ ಅತ್ತೆ. ಕಾಫಿ ಬಂದಾಗ ಮೂವರೂ ಮೂಗು ಒರೆಸಿಕೊಳ್ಳುತ್ತಿದ್ದೆವು.

ಆರು ಜನರ ಮನೆಗೆ ಏಳು ಜನ ಹೋಗುವುದು ಹೇಗೆ ಎಂಬ ಪ್ರಶ್ನೆ ಹಾಗೇ ಉಳಿದಿತ್ತು. ಉತ್ತರ ನಿಯಮಾವಳಿಯಲ್ಲೇ ಇತ್ತು, ನಾನು ಓದಿರಲಿಲ್ಲ. ಎರಡು ವರ್ಷದ ಎರಡು ವಾರಗಳನ್ನು ಸೇರಿಸಿದರೆ ಎಂಟು ಜನರ ದೊಡ್ಡ ಮನೆ ಒಂದು ವಾರಕ್ಕೆ ಸಿಗುತ್ತದೆ. ಅಂದರೆ ಪ್ರತಿ ವರ್ಷದ ಬದಲು ವರ್ಷ ಬಿಟ್ಟು ವರ್ಷ ಹೋಗಬೇಕು. ಹೊಸ ಮ್ಯಾನೇಜರಿಗೆ ನಾನು ನಡೆದದ್ದನ್ನೆಲ್ಲ ಹೇಳಿದೆ, ಕಾಗದ ಒಯ್ದದ್ದನ್ನೂ. ಅವರು, "ಕಾಗದ ವಾಪಸ್ ಇಟ್ರಾ?" ಅಂದರು. ಇಟ್ಟೆ ಅಂದೆ. "ಮತ್ತೆ ಆ ಉಪಾಯ ಯಾರಿಗೂ ಹೇಳ್ಕೊಡ್ಬೇಡಿ" ಎಂದು ಸಹಿ ಹಾಕಿದರು. ಆತ ಒಳ್ಳೆಯವನೇ, ನಾನು ಸುಮ್ಮನೆ ಗೊಣಗುತ್ತಿದ್ದೆ.

ಈಗ ನೀವು ಮೊಬೈಲಿನಲ್ಲೇ ಬುಕ್ ಮಾಡಿಸುತ್ತೀರಿ. ಪ್ಲಸ್ ಒತ್ತಿದರೆ ಒಬ್ಬರು ಸೇರುತ್ತಾರೆ, ಮೈನಸ್ ಒತ್ತಿದರೆ ಒಬ್ಬರು ಹೋಗುತ್ತಾರೆ. ಅನುಕೂಲವೇ. ಆದರೆ ಒಬ್ಬರನ್ನು ತೆಗೆಯುವ ಮುಂಚೆ ಅದು ಯಾರು ಎಂದು ಒಂದು ಸಲ ಕೇಳಿ. ಫೋನಿನಲ್ಲಾದರೆ, ಆ ಕಡೆ ಇರುವವರು ಯಾರು ಎಂದೂ ಕೇಳಿ, ಉತ್ತರ ಬರುವವರೆಗೆ ಕಾಯಿರಿ.

ಆಗ ಒಂದು ಬೇಸಿಗೆ ಬಿಟ್ಟು ಅದರ ಮುಂದಿನ ಬೇಸಿಗೆಗೆ ಅರ್ಜಿ ತುಂಬಲು ಸರೋಜಾ ಜೊತೆ ಸೀತಮ್ಮನೂ ಆಫೀಸಿಗೆ ಬಂದರು. ಮೆಟ್ಟಿಲು ಹತ್ತಿಯೇ ಬಂದರು, ಮಂಡಿ ನೋವಿನ ಸುದ್ದಿಯಿಲ್ಲ. ನನ್ನ ಎದುರು ಕೂತು, "ಪೆನ್ನು ಕೊಡು, ನಾನೇ ಬರೀತೀನಿ" ಅಂದರು. ಮೊದಲನೆಯ ಸಾಲಿನಲ್ಲಿ ಮೆಂಬರಿನ ಹೆಸರು ಬರೆಯಬೇಕು. ಅವರು ತಮ್ಮ ಹೆಸರು ಬರೆದು, ಸಂಬಂಧದ ಕಡೆ 'ನಾನೇ' ಎಂದು ಬರೆದರು. ಸಾಲು ಸಾಲಾಗಿ ಕೆಳಗಿಳಿದರು. ಸರೋಜ, ಮಗಳು. ನಾಗರಾಜ, ಅಳಿಯ. ಪ್ರಸಾದ, ಮಗ. ವೀಣಾ, ಸೊಸೆ. ಆಮೇಲೆ ಮೊಮ್ಮಗ, ಮೊಮ್ಮಗಳು. ಬರೆದು ಮುಗಿಸಿ ಕಾಗದವನ್ನು ನನ್ನ ಕಡೆ ತಳ್ಳಿದರು.

"ಸರಿಯಾಗಿದ್ಯಾ ನೋಡಮ್ಮ."

ನಿಯಮದ ಪ್ರಕಾರ ಏಳಕ್ಕೆ ಏಳೂ ತಪ್ಪು. ಸಂಬಂಧ ಬರೆಯಬೇಕಾದದ್ದು ಮೆಂಬರಿಗೆ, ಮೆಂಬರು ಸರೋಜಾ. ನನ್ನ ಕೈಯಲ್ಲಿ ಕೆಂಪು ಪೆನ್ನು ಇತ್ತು. ಮುಚ್ಚಳ ಹಾಕಿ ಡ್ರಾಯರಿನಲ್ಲಿಟ್ಟೆ.

"ಸರಿಯಾಗಿದೆ ಅಮ್ಮ" ಅಂದೆ.